ಕಿವಿಯಿಂದ ಕಾಣುವ ಬಾವಲಿಯೂ ಅಡಿಕೆ ತೋಟವೂ

ಮುಸ್ಸಂಜೆಯ ಹೊತ್ತಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ತೋಟಗಳಲ್ಲಿ ಎರಡು ಬಗೆಯ ಬಾವಲಿಗಳು ಕಣ್ಣಿಗೆ ಬೀಳುತ್ತವೆ. ಒಂದು ಬಗೆಯದು ಎತ್ತರದಲ್ಲಿ, ನೇರವಾಗಿ, ರೆಕ್ಕೆಯನ್ನು ನಿಧಾನವಾಗಿ ಬಡಿಯುತ್ತಾ ಹಣ್ಣಿರುವ ಮರವನ್ನು ಹುಡುಕಿಕೊಂಡು ಹೋಗುತ್ತದೆ. ಇನ್ನೊಂದು ಬಗೆಯದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅದು ಹಟ್ಟಿಯ ಮಾಡಿನಿಂದಲೋ ಹಳೆಯ ಸುರಂಗದಿಂದಲೋ ಹೊರಬಿದ್ದು, ಗಾಳಿಯಲ್ಲಿ ಅತ್ತಿತ್ತ ತಿರುಗುತ್ತಾ, ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿದು, ಮರದಿಂದ ಮರಕ್ಕೆ ನುಸುಳಿ ಹೋಗುತ್ತದೆ. ಹುಚ್ಚು ಹಾರಾಟದಂತೆ ಕಾಣುವ ಈ ತಿರುವುಗಳಲ್ಲಿ ಒಂದೂ ವ್ಯರ್ಥವಲ್ಲ. ಅನೇಕ ತಿರುವುಗಳು ಒಂದೊಂದು ಕೀಟವನ್ನು ಬೆನ್ನಟ್ಟಿ ಮಾಡಿದವು.

ಹೆಸರು ಒಂದೇ ಆದುದರಿಂದ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ರೂಢಿಯಾಗಿದೆ. ಹಣ್ಣಡಿಕೆ ಚೀಪುವ ದೊಡ್ಡ ಬಾವಲಿಯ ಮೇಲಿನ ಸಿಟ್ಟು ಅಟ್ಟದಲ್ಲಿ ನೇತಾಡುವ ಸಣ್ಣ ಬಾವಲಿಯ ಮೇಲೆ ತಿರುಗುತ್ತದೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡು, ಮಲಪ್ಪುರಂ ಜಿಲ್ಲೆಗಳಲ್ಲಿ ನಿಪಾ ರೋಗ ಕಾಣಿಸಿಕೊಂಡು 17 ಮಂದಿ ಮೃತಪಟ್ಟ ಮೇಲಂತೂ ಬಾವಲಿ ಎಂದರೆ ಭಯವೇ ಮುಂದಾಯಿತು. ಮಾಡಿಗೆ ಹೊಗೆ ಹಾಕುವುದು, ಸಂದುಗಳನ್ನು ಮುಚ್ಚಿಬಿಡುವುದು ಸುಲಭದ ಉಪಾಯವೆಂದು ತೋರುತ್ತದೆ. ಹೀಗೆ ಮಾಡುವ ಮೊದಲು ಈ ಪ್ರಾಣಿ ಕತ್ತಲಲ್ಲಿ ಹೇಗೆ ಕಾಣುತ್ತದೆ, ಹೇಗೆ ಬೇಟೆಯಾಡುತ್ತದೆ, ಅದರ ಮಿದುಳು ಈ ಕೆಲಸವನ್ನು ಹೇಗೆ ನಡೆಸುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಯಾವ ಬಾವಲಿಯನ್ನು ಉಳಿಸಬೇಕು, ಯಾವುದರಿಂದ ಬೆಳೆಯನ್ನು ಕಾಯಬೇಕು, ಹೇಗೆ ಕಾಯಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲಿಯೇ ಇದೆ.

ಎರಡು ಕುಲ, ಎರಡು ದಾರಿ

ಬಾವಲಿ ಹಕ್ಕಿಯಲ್ಲ. ಅದು ಮರಿ ಹಾಕಿ ಮೊಲೆಯೂಡಿಸುವ ಸಸ್ತನಿ. ಭಾರತದಲ್ಲಿ ಸುಮಾರು 130 ಜಾತಿಯ ಬಾವಲಿಗಳಿದ್ದು, ಅವುಗಳಲ್ಲಿ ಹಣ್ಣು ತಿನ್ನುವ ಜಾತಿಗಳು ಹದಿನೈದಕ್ಕಿಂತ ಕಡಿಮೆ. ಉಳಿದವು ಬಹುತೇಕ ಕೀಟಾಹಾರಿಗಳು.

ಹಣ್ಣುಬಾವಲಿಯ ಮುಖ ನಾಯಿಯ ಮುಖದಂತಿರುತ್ತದೆ. ಕಣ್ಣು ದೊಡ್ಡದು, ಕಿವಿ ಸಾದಾ. ಅದು ಹಣ್ಣನ್ನು ಹುಡುಕುವುದು ಕಣ್ಣಿನಿಂದ ಮತ್ತು ಮೂಗಿನಿಂದ. ಆಲ, ಅಶ್ವತ್ಥ ಮುಂತಾದ ದೊಡ್ಡ ಮರಗಳಲ್ಲಿ ಗುಂಪಾಗಿ ಹಗಲಿಡೀ ನೇತಾಡುವ ದೊಡ್ಡ ಬಾವಲಿ ಈ ಕುಲದ್ದು. ಬೈನೆ ಮರದ ಗೊನೆಯ ಎಳೆಗಳನ್ನು ಕತ್ತರಿಸಿ ಕೊಡೆಯಂತೆ ಮಾಡಿಕೊಂಡು ಅದರೊಳಗೆ ವಾಸಿಸುವ ಮೋಟುಮೂಗಿನ ಹಣ್ಣುಬಾವಲಿಯೂ ಇದೇ ಕುಲಕ್ಕೆ ಸೇರಿದೆ. ಗುಹೆಗಳಲ್ಲಿ ವಾಸಿಸುವ ರೂಸೆಟ್ಟಸ್ ಎಂಬ ಹಣ್ಣುಬಾವಲಿ ಮಾತ್ರ ನಾಲಿಗೆಯಿಂದ ಲೊಚಗುಟ್ಟಿ, ಆ ಸದ್ದಿನ ಮಾರ್ದನಿಯಿಂದ ಕತ್ತಲ ಗುಹೆಯಲ್ಲಿ ದಾರಿ ಕಂಡುಕೊಳ್ಳುತ್ತದೆ.

ಕೀಟ ತಿನ್ನುವ ಬಾವಲಿಯ ಕಣ್ಣು ಸಣ್ಣದು. ಕುರುಡೇನೂ ಅಲ್ಲ. ಆದರೆ ಅದರ ಕಿವಿ ಮೈಗೆ ಹೋಲಿಸಿದರೆ ಬಲು ದೊಡ್ಡದು. ಕೆಲವು ಜಾತಿಗಳಲ್ಲಿ ಮೂಗಿನ ಮೇಲೆ ಎಲೆಯಂತಹ ಅಥವಾ ಕುದುರೆಯ ಲಾಳದಂತಹ ಚರ್ಮದ ಮಡಿಕೆ ಇರುತ್ತದೆ. ಹಂಚಿನ ಮಾಡಿನ ಸಂದಿನಲ್ಲಿ ಇರುವವು ಐದಾರು ಗ್ರಾಂ ತೂಗುವ ಪುಟ್ಟ ಬಾವಲಿಗಳು. ಎಲೆಮೂಗಿನವೂ ಲಾಳಮೂಗಿನವೂ ಗುಹೆ, ಪಾಳು ಕಟ್ಟಡ, ಹಳೆಯ ಗುಡಿ ಬಸದಿಗಳ ಕತ್ತಲ ಮೂಲೆಗಳನ್ನು ಮೆಚ್ಚುತ್ತವೆ. ಬಂಟ್ವಾಳ ತಾಲೂಕಿನ ವಿಟ್ಲ, ಮಾಣಿಲ ಕಡೆ ಗುಡ್ಡದ ಮುರಕಲ್ಲನ್ನು ಕೊರೆದು ನೀರಿಗಾಗಿ ಮಾಡಿದ ಸುರಂಗಗಳಿವೆ. ತಂಪಾದ, ತೇವವಿರುವ, ಗಾಳಿಯಾಡದ ಇಂತಹ ಸುರಂಗ ಬಾವಲಿಗೆ ಗುಹೆಯಷ್ಟೇ ಹಿತಕರ.

ಕೂಗಿ ಕೇಳುವ ವಿದ್ಯೆ

ಇಟಲಿಯ ಸ್ಪಲಾಂಜಾನಿ ಎಂಬ ವಿಜ್ಞಾನಿ 1793ರಲ್ಲಿ ಬಾವಲಿಗಳ ಕಣ್ಣನ್ನು ಕೆಡಿಸಿ ಬಿಟ್ಟರೂ ಅವು ಎಲ್ಲಿಯೂ ಡಿಕ್ಕಿ ಹೊಡೆಯದೆ ಹಾರುವುದನ್ನು ಕಂಡನು. ಜಿನೀವಾದ ಜೂರಿನ್ ಎಂಬಾತ ಮರುವರ್ಷ ಅವುಗಳ ಕಿವಿಯನ್ನು ಮುಚ್ಚಿ ನೋಡಿದಾಗ ಅವು ಎದುರಿಗೆ ಸಿಕ್ಕಿದ್ದಕ್ಕೆಲ್ಲ ಬಡಿದುಕೊಂಡವು. ಆದರೆ ಬಾವಲಿ ಹಾರುವಾಗ ಮನುಷ್ಯನ ಕಿವಿಗೆ ಯಾವ ಸದ್ದೂ ಕೇಳಿಸುವುದಿಲ್ಲವಷ್ಟೆ. ಕೇಳದ ಸದ್ದನ್ನು ಕಿವಿಯಿಂದ ಕಾಣುವುದೆಂದರೆ ನಂಬುವವರು ಯಾರು? ಸುಮಾರು ನೂರೈವತ್ತು ವರ್ಷ ಆ ಪ್ರಯೋಗವನ್ನು ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. 1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಗ್ರಿಫಿನ್ ಎಂಬ ವಿದ್ಯಾರ್ಥಿ, ಭೌತವಿಜ್ಞಾನಿ ಪಿಯರ್ಸ್ ತಯಾರಿಸಿದ್ದ ಯಂತ್ರದ ಮುಂದೆ ಬಾವಲಿಗಳನ್ನು ಇಟ್ಟಾಗ ಅವು ಎಡೆಬಿಡದೆ ಕೂಗುತ್ತಿರುವುದು ತಿಳಿದುಬಂದಿತು.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದನ್ನು ಮಾತ್ರ ಕೇಳಬಲ್ಲದು. ಬಹುಪಾಲು ಬಾವಲಿಗಳ ಕೂಗು ಅದಕ್ಕಿಂತ ಮೇಲಿನದು. ದಕ್ಷಿಣ ಭಾರತದ ಲಾಳಮೂಗಿನ ಬಾವಲಿ ಸುಮಾರು 80,000 ಕಂಪನಗಳ ಆಸುಪಾಸಿನಲ್ಲಿಯೂ, ಷ್ನೈಡರನ ಎಲೆಮೂಗಿನ ಬಾವಲಿ ಸುಮಾರು 1,30,000 ಕಂಪನಗಳ ಆಸುಪಾಸಿನಲ್ಲಿಯೂ ಕೂಗುತ್ತವೆ. ಇಷ್ಟು ಸಣ್ಣ ಅಲೆಯ ಸದ್ದೇ ಏಕೆ ಬೇಕು ಎಂದರೆ, ಸದ್ದಿನ ಅಲೆ ಉದ್ದವಾಗಿದ್ದರೆ ಅದು ಸೊಳ್ಳೆಯಂತಹ ಚಿಕ್ಕ ವಸ್ತುವನ್ನು ಬಳಸಿಕೊಂಡು ಮುಂದೆ ಹೋಗಿಬಿಡುತ್ತದೆ. ಅಲೆ ಗಿಡ್ಡವಾದಷ್ಟೂ ಚಿಕ್ಕ ವಸ್ತುವಿನಿಂದ ಹಿಂದಕ್ಕೆ ಪುಟಿಯುವ ಪ್ರಮಾಣ ಹೆಚ್ಚು. ಗಿಡ್ಡ ಅಲೆಗೆ ಒಂದು ಕೊರತೆಯೂ ಇದೆ. ಅದು ಗಾಳಿಯಲ್ಲಿ ಬೇಗ ಇಂಗಿ ಹೋಗುತ್ತದೆ. ಆದುದರಿಂದ ಬಾವಲಿ ಕಾಣುವ ಲೋಕ ಕೆಲವೇ ಮೀಟರುಗಳಷ್ಟು ದೂರದ್ದು.

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಒಂದು ಮೀಟರ್ ದೂರದಲ್ಲಿರುವ ಹುಳುವಿಗೆ ತಗಲಿ ಮರಳಿ ಬರಲು ಅದಕ್ಕೆ ಬೇಕಾಗುವ ಕಾಲ ಸೆಕೆಂಡಿನ ಸಾವಿರದ ಆರು ಪಾಲು, ಅಂದರೆ ಆರು ಮಿಲಿಸೆಕೆಂಡು. ಅರ್ಧ ಮೀಟರ್ ಆದರೆ ಮೂರು. ಈ ಅಂತರವನ್ನು ಅಳೆಯಬಲ್ಲವನಿಗೆ ದೂರ ತಿಳಿಯುತ್ತದೆ. ಸುಮ್ಮನೆ ಹಾರುವಾಗ ಸೆಕೆಂಡಿಗೆ ಸುಮಾರು ಹತ್ತು ಬಾರಿ ಕೂಗುವ ಬಾವಲಿ, ಹುಳು ಹತ್ತಿರವಾದಂತೆ ಕೂಗನ್ನು ಗಿಡ್ಡಗೊಳಿಸಿ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಕೊನೆಯ ಕ್ಷಣದಲ್ಲಿ ಅದು ಸೆಕೆಂಡಿಗೆ 150ರಿಂದ 200ರಷ್ಟಾಗುತ್ತದೆ. 1960ರ ಒಂದು ಪ್ರಯೋಗದಲ್ಲಿ ಕೋಣೆಯೊಳಗೆ ಬಿಟ್ಟ ಪುಟ್ಟ ಬಾವಲಿಗಳು ನಿಮಿಷಕ್ಕೆ ಹತ್ತರಂತೆ ಸೊಳ್ಳೆಗಳನ್ನೂ ನೊಣಗಳನ್ನೂ ಹಿಡಿದುದನ್ನು ಗ್ರಿಫಿನ್ ಮತ್ತು ಸಂಗಡಿಗರು ವರದಿ ಮಾಡಿದರು.

ಒಳಗಿವಿಯಿಂದ ಮಿದುಳಿಗೆ

ಇಲ್ಲಿ ಒಂದು ತೊಡಕಿದೆ. ಬಾವಲಿಯ ಕೂಗು ಮನುಷ್ಯನಿಗೆ ಕೇಳಿಸದಿದ್ದರೂ ಬಲು ಜೋರಿನದು. ಮರಳುವ ಮಾರ್ದನಿಯಾದರೋ ಪಿಸುಮಾತಿಗಿಂತ ಮೆಲ್ಲಗಿನದು. ಯಕ್ಷಗಾನದ ಚೆಂಡೆಯವರು ಪ್ರತಿಯೊಂದು ಪೆಟ್ಟಿನ ಬೆನ್ನಿಗೇ ರಂಗಸ್ಥಳದ ಆಚೆಗಿನ ಮಿಡತೆಯ ಸದ್ದನ್ನು ಕೇಳಬೇಕೆಂದರೆ ಹೇಗೋ ಹಾಗೆ. ಬಾವಲಿಯ ನಡುಗಿವಿಯಲ್ಲಿ ಇದಕ್ಕೊಂದು ಏರ್ಪಾಡಿದೆ. ಕೂಗು ಹೊರಡುವುದಕ್ಕೆ ಸ್ವಲ್ಪ ಮುಂಚೆ ಒಂದು ಪುಟ್ಟ ಸ್ನಾಯು ಬಿಗಿದುಕೊಂಡು ಕಿವಿಯ ಮೂಳೆಗಳ ಅಲುಗಾಟವನ್ನು ತಗ್ಗಿಸುತ್ತದೆ. ಕೂಗು ಮುಗಿಯುತ್ತಲೇ ಸಡಿಲಗೊಂಡು ಮಾರ್ದನಿಗೆ ದಾರಿ ಬಿಡುತ್ತದೆ. ಇಷ್ಟು ಸಾಲದೆಂಬಂತೆ ಮಿದುಳಿನ ಬುಡದ ನರಕೋಶಗಳೂ ತನ್ನ ಕೂಗಿನ ಹೊತ್ತಿನಲ್ಲಿ ಕೆಲಮಟ್ಟಿಗೆ ಮಂದವಾಗುತ್ತವೆ.

ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ನಳಿಗೆ, ಅದರೊಳಗೆ ಉದ್ದಕ್ಕೂ ಒಂದು ಪೊರೆ ಇದೆ. ಕೀರಲು ಸದ್ದಿಗೆ ಪೊರೆಯ ಒಂದು ತುದಿಯೂ, ಗಡಸು ಸದ್ದಿಗೆ ಇನ್ನೊಂದು ತುದಿಯೂ ಅದುರುತ್ತದೆ. ಹೀಗೆ ಯಾವ ಜಾಗದ ನರತಂತು ಚುರುಕಾಯಿತೆಂಬುದರಿಂದಲೇ ಸದ್ದಿನ ಶ್ರುತಿ ಮಿದುಳಿಗೆ ತಿಳಿಯುತ್ತದೆ. ಎರಡು ಕಿವಿಗಳ ನರಗಳು ಮಿದುಳಿನ ಕೆಳಭಾಗದಲ್ಲಿ ಸಂಧಿಸುತ್ತವೆ. ಅಲ್ಲಿನ ಕೆಲವು ಕೋಶಗಳು ಒಂದು ಕಿವಿಯ ಸುದ್ದಿಗೆ ಚುರುಕಾಗಿ, ಮತ್ತೊಂದು ಕಿವಿಯ ಸುದ್ದಿಗೆ ತಣ್ಣಗಾಗುತ್ತವೆ. ಎಡಬಲಗಳಲ್ಲಿ ಯಾವ ಕಡೆ ಸದ್ದು ಹೆಚ್ಚೆಂಬುದು ಇದರಿಂದ ಗೊತ್ತಾಗುತ್ತದೆ.

ಇನ್ನು ದೂರದ ಲೆಕ್ಕ. ಕೂಗಿಗೂ ಮಾರ್ದನಿಗೂ ನಡುವಿನ ಮಿಲಿಸೆಕೆಂಡುಗಳನ್ನು ಎಣಿಸುವ ಗಡಿಯಾರ ಮಿದುಳಿನಲ್ಲಿ ಇಲ್ಲ. ಅದರ ಬದಲು ನರಗಳ ಜೋಡಣೆಯೇ ಗಡಿಯಾರದ ಕೆಲಸ ಮಾಡುತ್ತದೆ. ಗುರುವಾಯನಕೆರೆಯ ಕೂಡುರಸ್ತೆಯನ್ನು ನೆನಪಿಗೆ ತಂದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮೂಡುಬಿದಿರೆಯಿಂದ ವೇಣೂರಿನ ದಾರಿಯಾಗಿ ಒಂದು ನಿಧಾನದ ಬಸ್ಸು ಮೊದಲು ಹೊರಟಿತು. ಸ್ವಲ್ಪ ಹೊತ್ತಿನ ಮೇಲೆ ಬಂಟ್ವಾಳದಿಂದ ಒಂದು ವೇಗದ ಬಸ್ಸು ಹೊರಟಿತು. ಎರಡೂ ಗುರುವಾಯನಕೆರೆಗೆ ಒಂದೇ ಕ್ಷಣದಲ್ಲಿ ತಲಪಿದುವಾದರೆ, ಅವು ಹೊರಟ ಸಮಯದ ಅಂತರ ಇಷ್ಟೇ ಇದ್ದಿರಬೇಕೆಂದು ಅಲ್ಲಿ ನಿಂತವನು ಗಡಿಯಾರ ನೋಡದೆಯೇ ಹೇಳಬಹುದು. ಬಾವಲಿಯ ಮಿದುಳಿನಲ್ಲಿ ಕೂಗಿನ ಸುದ್ದಿಯು ಮೊದಲ ಬಸ್ಸಿನಂತೆ, ತಡೆದು ತಡೆದು ಸಾಗುವ ದಾರಿಯಲ್ಲಿ ಬರುತ್ತದೆ. ಮಾರ್ದನಿಯ ಸುದ್ದಿಯು ಎರಡನೆಯ ಬಸ್ಸು. ಎರಡೂ ಒಟ್ಟಿಗೆ ತಲಪಿದಾಗ ಮಾತ್ರ ಅಲ್ಲಿನ ನರಕೋಶ ಬಲವಾಗಿ ಮಿಡಿಯುತ್ತದೆ. ಒಂದೊಂದೇ ಬಂದರೆ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ.

ತಡೆಯ ಪ್ರಮಾಣ ಬೇರೆ ಬೇರೆಯಾದ ಇಂತಹ ಕೋಶಗಳು ಅನೇಕ ಇವೆ. ಮೂರು ಮಿಲಿಸೆಕೆಂಡಿನ ಅಂತರಕ್ಕೆ ಮಿಡಿಯುವ ಕೋಶ ಅರ್ಧ ಮೀಟರ್ ದೂರವನ್ನೂ, ಆರಕ್ಕೆ ಮಿಡಿಯುವುದು ಒಂದು ಮೀಟರ್ ದೂರವನ್ನೂ ಸಾರುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ನೊಬುವೊ ಸುಗಾ ಮತ್ತು ಅವರ ಸಂಗಡಿಗರು ಮಧ್ಯ ಅಮೆರಿಕದ ಮೀಸೆ ಬಾವಲಿಯ ಮಿದುಳಿನಲ್ಲಿ ಈ ಕೋಶಗಳನ್ನು ಶೋಧಿಸಿದಾಗ ಒಂದು ಸೋಜಿಗ ಕಂಡುಬಂದಿತು. ಕೋಶಗಳು ಹೇಗೆಂದರೆ ಹಾಗೆ ಚೆದರಿರಲಿಲ್ಲ. ಸುಮಾರು ಏಳು ಸೆಂಟಿಮೀಟರ್‌ನಿಂದ ಮೂರು ಮೀಟರ್‌ವರೆಗೆ, ಹತ್ತಿರದ್ದರಿಂದ ದೂರದ್ದಕ್ಕೆ ಅಳತೆಪಟ್ಟಿಯಂತೆ ಸಾಲಾಗಿ ಜೋಡಣೆಗೊಂಡಿದ್ದವು. ದಕ್ಷಿಣ ಏಷ್ಯದ ಲಾಳಮೂಗಿನ ಬಾವಲಿಯ ಮಿದುಳಿನಲ್ಲಿಯೂ ಇಂತಹ ಕೋಶಗಳಿವೆಯೆಂದು 1991ರಲ್ಲಿ ಪ್ರಕಟವಾದ ಜರ್ಮನ್ ಮತ್ತು ಅಮೆರಿಕನ್ ವಿಜ್ಞಾನಿಗಳ ಕೆಲಸದಿಂದ ತಿಳಿದುಬಂದಿದೆ. ಇಷ್ಟೆಲ್ಲ ನಡೆಯುವುದು ಒಂದು ಗ್ರಾಂ ಕೂಡ ತೂಗದ ಮಿದುಳಿನಲ್ಲಿ!

ಎಲೆಗಳ ನಡುವೆ ಹುಳು ಹುಡುಕುವುದು

ತೆರೆದ ಗದ್ದೆಯ ಮೇಲೆ ಹುಳು ಹಿಡಿಯುವುದು ಒಂದು ಬಗೆಯಾದರೆ, ಅಡಿಕೆ, ಕಾಳುಮೆಣಸು, ಬಾಳೆ, ಕೊಕ್ಕೊ ಒತ್ತಾಗಿ ಬೆಳೆದ ತೋಟದಲ್ಲಿ ಹಿಡಿಯುವುದು ಬೇರೆಯೇ. ಪ್ರತಿಯೊಂದು ಎಲೆಯಿಂದಲೂ ಮಾರ್ದನಿ ಬರುತ್ತದೆ. ಸಾವಿರ ಮಾರ್ದನಿಗಳ ನಡುವೆ ಹುಳುವಿನದು ಯಾವುದು?

ಲಾಳಮೂಗಿನ ಬಾವಲಿ ಇದಕ್ಕೆ ಕಂಡುಕೊಂಡ ಉಪಾಯ ವಿಶಿಷ್ಟವಾದುದು. ಅದು ಬಾಯಿಯಿಂದಲ್ಲ, ಮೂಗಿನ ಹೊಳ್ಳೆಗಳಿಂದ ಒಂದೇ ಶ್ರುತಿಯಲ್ಲಿ ಉದ್ದವಾಗಿ ಕೂಗುತ್ತದೆ. ಎಲೆಯಿಂದ ಪುಟಿದ ಸದ್ದು ಸಮನಾಗಿರುತ್ತದೆ. ರೆಕ್ಕೆ ಬಡಿಯುವ ಹುಳುವಿನಿಂದ ಪುಟಿದ ಸದ್ದಾದರೋ ರೆಕ್ಕೆಯ ಬಡಿತಕ್ಕೆ ಸರಿಯಾಗಿ ಏರಿಳಿಯುತ್ತದೆ. ಈ ಏರಿಳಿತ ಬಲು ಸೂಕ್ಷ್ಮ. ಅದನ್ನು ಹಿಡಿಯಲೆಂದೇ ಈ ಬಾವಲಿಯ ಒಳಗಿವಿಯ ಪೊರೆಯಲ್ಲಿ ತನ್ನ ಶ್ರುತಿಯ ಸುತ್ತಲಿನ ಚಿಕ್ಕ ಪಟ್ಟಿಗೆ ವಿಶೇಷವಾಗಿ ಹೆಚ್ಚು ಜಾಗವೂ ಹೆಚ್ಚು ನರತಂತುಗಳೂ ಮೀಸಲಾಗಿವೆ.

ಆದರೆ ಹಾರುವಾಗ ಶ್ರುತಿ ಬದಲಾಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಎದುರಿನಿಂದ ಬರುವ ಲಾರಿಯ ಹಾರನ್ನು ಹತ್ತಿರ ಬರುವಾಗ ಕೀರಲಾಗಿಯೂ ದಾಟಿಹೋದ ಮೇಲೆ ಗಡಸಾಗಿಯೂ ಕೇಳುವುದು ಎಲ್ಲರ ಅನುಭವಕ್ಕೆ ಬಂದ ವಿಷಯ. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಹಾರುವ ಬಾವಲಿ 80,000 ಕಂಪನದಲ್ಲಿ ಕೂಗಿದರೆ ಎದುರಿನ ಮರದಿಂದ ಅದು ಸುಮಾರು 82,400 ಆಗಿ ಮರಳುತ್ತದೆ. ಆಗ ಅದು ಸೂಕ್ಷ್ಮವಾದ ಪಟ್ಟಿಯಿಂದ ಹೊರಗೆ ಬೀಳುತ್ತದೆ. ಇದನ್ನು ಸರಿದೂಗಿಸಲು ಬಾವಲಿ ತನ್ನ ಕೂಗನ್ನೇ ಅಷ್ಟು ಇಳಿಸುತ್ತದೆ, ಮಾರ್ದನಿ ಯಾವಾಗಲೂ ಸರಿಯಾದ ಜಾಗಕ್ಕೇ ಬಂದು ಬೀಳುತ್ತದೆ. ಜರ್ಮನಿಯ ಷ್ನಿಟ್ಸ್‌ಲರ್ 1968ರಲ್ಲಿ ಇದನ್ನು ತೋರಿಸಿಕೊಟ್ಟರು. ಇಂತಹ ಬಾವಲಿಗೆ ದಟ್ಟ ತೋಟವೇ ಬೇಟೆಯ ಬಯಲು. ಅನೇಕ ವೇಳೆ ಅದು ಹಾರುವುದೂ ಇಲ್ಲ. ಒಂದು ಕೊಂಬೆಯಿಂದ ತೂಗಾಡುತ್ತಾ ಸುತ್ತಲೂ ಕೂಗಿ, ಹುಳು ಹಾದುಹೋದಾಗ ಎರಗಿ ಹಿಡಿದು ಮತ್ತೆ ಅದೇ ಕೊಂಬೆಗೆ ಬರುತ್ತದೆ.

ಕೀಟಗಳೇನು ಸುಮ್ಮನೆ ಕೂತಿಲ್ಲ. ಅನೇಕ ಪತಂಗಗಳಿಗೆ ಬಾವಲಿಯ ಕೂಗು ಕೇಳಿಸುತ್ತದೆ. ಬೆಳೆಗಳನ್ನು ಕಾಡುವ ಕಾಯಿಕೊರಕ, ಎಲೆ ತಿನ್ನುವ ಹುಳುಗಳ ಪತಂಗಗಳು ಸೇರಿದ ಕುಲದಲ್ಲಿ ಒಂದೊಂದು ಕಿವಿಗೆ ಕೇವಲ ಎರಡು ಶ್ರವಣ ಕೋಶಗಳು. ಒಂದು ಕೋಶ ದೂರದ ಮೆಲ್ಲನೆಯ ಕೂಗಿಗೆ ಮಿಡಿಯುತ್ತದೆ. ಪತಂಗ ದಾರಿ ತಿರುಗಿಸಿ ದೂರ ಹಾರುತ್ತದೆ. ಕೂಗು ಜೋರಾಗಿ ಎರಡನೆಯ ಕೋಶವೂ ಮಿಡಿದರೆ ಬಾವಲಿ ತಲೆಯ ಮೇಲೆಯೇ ಬಂತೆಂದು ಅರ್ಥ. ಪತಂಗ ರೆಕ್ಕೆ ಮಡಚಿ ಕಲ್ಲಿನಂತೆ ಕೆಳಗೆ ಬೀಳುತ್ತದೆ, ಇಲ್ಲವೆ ಗಿರಕಿ ಹೊಡೆಯುತ್ತದೆ. ಎರಡೇ ಕೋಶಗಳಿಂದ ಪ್ರಾಣ ಉಳಿಸಿಕೊಳ್ಳುವ ಈ ಏರ್ಪಾಡನ್ನು ಅಮೆರಿಕದ ಕೆನೆತ್ ರೋಡರ್ 1950–60ರ ದಶಕಗಳಲ್ಲಿ ವಿವರವಾಗಿ ಅಭ್ಯಸಿಸಿದರು.

ನೆಲದ ಮೇಲಿನ ಬೇಟೆಗೆ ಮತ್ತೊಂದು ವಿದ್ಯೆ. ಹಳೆಯ ಕಟ್ಟಡಗಳಲ್ಲಿ ಕಾಣಸಿಗುವ, ದೊಡ್ಡ ಕಿವಿಗಳೆರಡೂ ಹಣೆಯ ಮೇಲೆ ಕೂಡಿಕೊಂಡಿರುವ ಬಾವಲಿಗೆ ಇಂಗ್ಲಿಷಿನವರು ರಕ್ತ ಹೀರುವ ಬಾವಲಿಯೆಂಬ ಅರ್ಥದ ಸುಳ್ಳು ಹೆಸರಿಟ್ಟಿದ್ದಾರೆ. ಅದು ರಕ್ತ ಹೀರುವುದಿಲ್ಲ. ದೊಡ್ಡ ಕೀಟ, ಕಪ್ಪೆ, ಇಲಿಮರಿಗಳನ್ನು ಹಿಡಿದು ತಿನ್ನುತ್ತದೆ. ಮಧುರೈ ಕಾಮರಾಜ ವಿಶ್ವವಿದ್ಯಾನಿಲಯದ ಮಾರಿಮುತ್ತು ಮತ್ತು ಜರ್ಮನಿಯ ನಾಯ್‌ವೈಲರ್ 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಈ ಬಾವಲಿಯು ಬೇಟೆಯ ಸರಪರ ಸದ್ದನ್ನು ಕೇಳಿಯೇ ಅದರ ಜಾಗವನ್ನು ಪತ್ತೆ ಮಾಡುವುದು ಕಂಡುಬಂದಿತು. ಅಲುಗಾಡದ ಬೇಟೆ ಅದರ ಗಮನಕ್ಕೆ ಬರಲಿಲ್ಲ.

ರೈತನಿಗೆ ಇದರಿಂದೇನು?

ಕೀಟಾಹಾರಿ ಬಾವಲಿ ಒಂದು ರಾತ್ರಿಯಲ್ಲಿ ತನ್ನ ತೂಕದ ಅರ್ಧದಷ್ಟು ಕೀಟಗಳನ್ನು ತಿನ್ನಬಲ್ಲದು. ಮೊಲೆಯೂಡಿಸುವ ತಾಯಿಗೆ ಇನ್ನೂ ಹೆಚ್ಚು ಬೇಕು. ಥಾಯ್ಲೆಂಡಿನಲ್ಲಿ ಸುಕ್ಕುತುಟಿಯ ಬಾವಲಿಯೊಂದೇ ಬಿಳಿಬೆನ್ನಿನ ಜಿಗಿಹುಳುವನ್ನು ತಿಂದು ವರ್ಷಕ್ಕೆ ಸುಮಾರು 2,900 ಟನ್ ಭತ್ತದ ನಷ್ಟವನ್ನು ತಪ್ಪಿಸುತ್ತದೆಂದು 2014ರಲ್ಲಿ ಅಂದಾಜು ಮಾಡಲಾಯಿತು. ಸ್ಪೇನಿನ ಎಬ್ರೊ ನದಿಯ ಮುಖಜ ಭೂಮಿಯಲ್ಲಿ ಭತ್ತದ ಗದ್ದೆಗಳ ಬಳಿ ಮರದ ಗೂಡುಪೆಟ್ಟಿಗೆಗಳನ್ನಿಟ್ಟು ಪುಟ್ಟ ಬಾವಲಿಗಳನ್ನು ನೆಲೆಗೊಳಿಸಿದ ಬಳಿಕ ಕಾಂಡಕೊರಕದ ಹಾವಳಿ ಇಳಿಯಿತು. ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ತಂದು ಹಾಕುವುದು ಸರಿಯಲ್ಲ. ಬಾವಲಿ ಇದ್ದರೆ ಔಷಧಿ ಬೇಡವೆಂದೂ ಅರ್ಥವಲ್ಲ. ಆದರೆ ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಅಡಿಕೆಯ ಬೇರುಹುಳುವಿನ ದುಂಬಿಗಳು ಮಣ್ಣಿನಿಂದ ಮೇಲೆದ್ದು ಹಾರುವ ಹೊತ್ತು, ಬಾವಲಿಗಳು ಬೇಟೆಗೆ ಹೊರಡುವ ಹೊತ್ತೂ ಹೌದು. ಹಗಲು ದುಡಿಯುವ ಹಕ್ಕಿಗಳಿಗೆ ಸಿಗದ ಕೀಟಗಳಿವು.

ಇಂತಹ ನೆರವು ಕೈತಪ್ಪುವುದು ಸಾಮಾನ್ಯವಾಗಿ ಏಪ್ರಿಲ್–ಮೇ ತಿಂಗಳಲ್ಲಿ. ಮಳೆಗೆ ಮುಂಚೆ ಹಂಚು ಕೈಯಾಡಿಸುವುದು, ಗುಡಿ ಬಸದಿಗಳ ದುರಸ್ತಿ, ಸುರಂಗದ ಹೂಳು ತೆಗೆಯುವುದು ಎಲ್ಲವೂ ಆಗಲೇ ನಡೆಯುತ್ತವೆ. ಹಲವು ಗುಹಾವಾಸಿ ಬಾವಲಿಗಳು ಮರಿ ಹಾಕುವುದೂ ಅದೇ ಸಮಯದಲ್ಲಿ. ಬಹುಪಾಲು ಜಾತಿಗಳಲ್ಲಿ ತಾಯಿಗೆ ಒಂದು ಬಾರಿಗೆ ಒಂದೇ ಮರಿ. ಮರಿ ಹಾರಲು ಕಲಿಯುವವರೆಗೆ ಕೆಲವು ವಾರ ನೆಲೆಯಲ್ಲಿಯೇ ಕಾಯುತ್ತಿರುತ್ತದೆ. ಆಗ ಸಂದುಗಳನ್ನು ಮುಚ್ಚಿದರೆ ತಾಯಿ ಹೊರಗೆ, ಮರಿ ಒಳಗೆ. ಮರಿಗಳು ಸತ್ತು ಕೊಳೆತು ಮನೆಯವರಿಗೂ ಉಪದ್ರವ. ಇಲಿಯಂತೆ ವರ್ಷಕ್ಕೆ ನಾಲ್ಕಾರು ಸೂಲು ಹಾಕುವ ಪ್ರಾಣಿಯಾದರೆ ನಷ್ಟ ಬೇಗ ತುಂಬೀತು. ಒಂದು ವರ್ಷದ ಮರಿಗಳು ಹೋದರೆ ಬಾವಲಿಯ ನೆಲೆ ಚೇತರಿಸಿಕೊಳ್ಳಲು ಅನೇಕ ವರ್ಷ ಬೇಕು.

ಅಟ್ಟದಲ್ಲಿ ಬಾವಲಿ ಇರಲೇಬಾರದು ಎನ್ನುವವರು, ಅಥವಾ 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂತಹ ಪ್ರಾಚೀನ ಕಟ್ಟಡಗಳಲ್ಲಿ ಕಲ್ಲಿನ ಕೆತ್ತನೆ ಹಿಕ್ಕೆಯಿಂದ ಕೆಡಬಾರದು ಎನ್ನುವವರು ಹೇಳುವುದೂ ನ್ಯಾಯವೇ. ಆ ಕೆಲಸವನ್ನು ದೀಪಾವಳಿ ಕಳೆದ ಮೇಲೆ, ನವೆಂಬರಿನಿಂದ ಜನವರಿಯ ಒಳಗೆ ಮಾಡತಕ್ಕದ್ದು. ಮೊದಲು ಎರಡು ಮೂರು ಸಂಜೆ ಅಂಗಳದಲ್ಲಿ ನಿಂತು ಅವು ಯಾವ ಸಂದಿನಿಂದ ಹೊರಡುತ್ತವೆಂದು ಗುರುತಿಸಬೇಕು. ಆ ಸಂದಿನ ಮೇಲ್ಭಾಗವನ್ನೂ ಪಕ್ಕಗಳನ್ನೂ ಭದ್ರಪಡಿಸಿ ಒಂದು ಬಟ್ಟೆಯನ್ನೋ ಬಲೆಯನ್ನೋ ಕೆಳಗೆ ಸಡಿಲವಾಗಿ ಇಳಿಬಿಟ್ಟರೆ ಒಳಗಿದ್ದವು ಅದರಡಿಯಿಂದ ಜಾರಿ ಹೊರಬರುತ್ತವೆ, ಮರಳಿ ಹೋಗಲಾರವು. ಐದಾರು ರಾತ್ರಿ ಕಳೆದು, ಒಳಗೆ ಯಾವುದೂ ಉಳಿದಿಲ್ಲವೆಂದು ಖಚಿತವಾದ ಮೇಲೆ ಸಂದನ್ನು ಮುಚ್ಚಬಹುದು. ಹೊಗೆ, ಗಂಧಕ, ಕೀಟನಾಶಕ ಇವು ಯಾವುವೂ ಬೇಡ.

ಹೀಗೆ ನಿಧಾನವಾಗಿ ಮಾಡಬೇಕೆನ್ನುವುದಕ್ಕೆ ಬಾವಲಿಯ ನೆನಪಿನ ಶಕ್ತಿಯೂ ಕಾರಣ. ಪರಿಚಿತ ದಾರಿಯಲ್ಲಿ ಅದು ಮಾರ್ದನಿಗಿಂತ ನೆನಪನ್ನೇ ಹೆಚ್ಚಾಗಿ ನಂಬುತ್ತದೆ. 1967ರಲ್ಲಿ ನಾಯ್‌ವೈಲರ್ ಮತ್ತು ಮೋರೆಸ್ ಮೇಲೆ ಹೇಳಿದ ದೊಡ್ಡಕಿವಿಯ ಬಾವಲಿಗಳನ್ನು ತಂತಿ ಕಟ್ಟಿದ ಚೌಕಟ್ಟಿನ ಮೂಲಕ ಹಾರಲು ಬಿಟ್ಟರು. ದಾರಿ ರೂಢಿಯಾದ ಮೇಲೆ ತಂತಿಗಳನ್ನು ತೆಗೆದುಹಾಕಿದರೂ ಅವು ಅಲ್ಲಿ ತಂತಿಯಿದೆಯೆಂಬಂತೆಯೇ ಹಾರಿದವು. ಇದರ ಮತ್ತೊಂದು ಮುಖವೆಂದರೆ, ಸುರಂಗದ ಬಾಯಿಗೆ ರಾತ್ರಿ ಬೆಳಗಾಗುವುದರೊಳಗೆ ಗೇಟು ಹಾಕಿದರೆ, ಒಂದು ಮಿಲಿಮೀಟರಿಗಿಂತ ತೆಳ್ಳಗಿನ ತಂತಿಯನ್ನು ಕತ್ತಲಲ್ಲಿ ತಪ್ಪಿಸಬಲ್ಲ ಪ್ರಾಣಿಯೇ ಅದಕ್ಕೆ ಬಂದು ಬಡಿದುಕೊಳ್ಳುತ್ತದೆ. ಗೇಟು ಬೇಕೇಬೇಕಾದರೆ ಸರಳುಗಳನ್ನು ಅಡ್ಡಲಾಗಿ, ಒಂದು ಗೇಣಿನಷ್ಟು ಅಂತರಕ್ಕೆ ಹಾಕಿಸುವುದು ಉತ್ತಮ. ಕುಡಿಯುವ ನೀರಿನ ಸುರಂಗವಾದರೆ ನೀರು ಹರಿಯುವ ಕಾಲುವೆಯನ್ನು ಹಿಕ್ಕೆ ಬೀಳದಂತೆ ಮುಚ್ಚಿ, ನೀರನ್ನು ಕುದಿಸಿಯೇ ಉಪಯೋಗಿಸಬೇಕು. ಲಾಳಮೂಗಿನಂತಹ ನಿಧಾನ ಹಾರಾಟದ ಬಾವಲಿಗಳು ಬೆಳಕಿಗೆ ಅಂಜುತ್ತವೆಯಾದ್ದರಿಂದ ಅವುಗಳ ನೆಲೆಯ ಬಾಯಿಗೆ ವಿದ್ಯುದ್ದೀಪ ಹಾಕದಿರುವುದು ಒಳ್ಳೆಯದು.

ಒಂದು ನೆಲೆ ಹೋದರೇನು, ಬೇರೆಡೆಗೆ ಹೋಗಲಿ ಎನ್ನುವುದುಂಟು. ಎಲ್ಲ ಜಾತಿಗೂ ಬೇರೆಡೆ ಇರುವುದಿಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿರುವ ಎಲೆಮೂಗಿನ ಬಾವಲಿಯನ್ನು 1994ರಲ್ಲಿ ಕೋಕ್ ಮತ್ತು ಭಟ್ ಎಂಬ ವಿಜ್ಞಾನಿಗಳು ಹೊಸ ಜಾತಿಯೆಂದು ವಿವರಿಸಿದರು. ಕಲ್ಲುಗಣಿಗಾರಿಕೆಯಿಂದ ಅಪಾಯಕ್ಕೆ ಒಳಗಾದ ಆ ಜಾತಿಗೆ ಲೋಕದಲ್ಲಿ ತಿಳಿದಿರುವ ನೆಲೆ ಆ ಊರಿನ ಸುತ್ತಮುತ್ತಲು ಮಾತ್ರ.

ಹಣ್ಣುಬಾವಲಿಯ ಕಾಟ

ಹಣ್ಣುಬಾವಲಿ ಕಣ್ಣು ಮೂಗುಗಳಿಂದ ಬರುವುದರಿಂದ ಅದಕ್ಕೆ ಮದ್ದು ಕೂಡ ಅಲ್ಲಿಯೇ. ಪೇರಳೆ, ಚಿಕ್ಕು, ಬಾಳೆಗೊನೆಗಳನ್ನು ಹಣ್ಣಾಗಿ ಘಮಘಮಿಸುವ ಮೊದಲೇ ಚೀಲದಿಂದ ಮುಚ್ಚುವುದು, ಬಲಿತ ಕೂಡಲೇ ಕೊಯ್ಯುವುದು ಪಟಾಕಿಗಿಂತ ಹೆಚ್ಚು ಫಲಕಾರಿ. ಸದ್ದಿಗೆ ಅವು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತವೆ. ಬಲೆ ಹಾಕುವುದಾದರೆ ತೆಳ್ಳಗಿನ ನೈಲಾನ್ ಬಲೆ ಬೇಡ. ಬಾವಲಿ ಅದರಲ್ಲಿ ಸಿಕ್ಕಿಕೊಂಡು ಸಾಯುತ್ತದೆ. ದಪ್ಪ ದಾರದ ಬಿಳಿಯ ಬಲೆಯನ್ನು ಬಿಗಿಯಾಗಿ ಕಟ್ಟಬೇಕು. ಹಣ್ಣಡಿಕೆಯ ವಿಷಯದಲ್ಲಿ ಬಾವಲಿಗೆ ಬೇಕಾದುದು ಸಿಪ್ಪೆಯ ರಸ ಮಾತ್ರ. ಚೀಪಿದ ಅಡಿಕೆಯನ್ನು ಅದು ದೂರದ ಮರದಡಿ ಉದುರಿಸುತ್ತದೆ. ಅದನ್ನು ಹೆಕ್ಕುವವರು ಕೈಗವಸು ಹಾಕಿ ಹೆಕ್ಕಿ, ಚೆನ್ನಾಗಿ ಒಣಗಿಸಿ, ಸಾಬೂನಿನಿಂದ ಕೈ ತೊಳೆಯಬೇಕು. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಲೂ ಬಾರದು, ಹಂದಿಗೆ ಹಾಕಲೂ ಬಾರದು. ನಿಪಾ ರೋಗಾಣುವಿನ ಮೂಲ ಆಶ್ರಯ ದೊಡ್ಡ ಹಣ್ಣುಬಾವಲಿಯೇ ಹೊರತು ಅಟ್ಟದ ಪುಟ್ಟ ಬಾವಲಿಯಲ್ಲ. ಹಾಗೆಂದು ಬಾವಲಿಗಳಿರುವ ಮರವನ್ನು ಕಡಿದರೆ ಅವು ಚೆದರಿ ಹತ್ತೂ ಕಡೆ ಹರಡುತ್ತವೆ. ಸುರಹೊನ್ನೆಯಂತಹ ಮರಗಳ ಬೀಜ ಹರಡುವುದೂ ಇವುಗಳಿಂದಲೇ. 1972ರ ವನ್ಯಜೀವಿ ಕಾಯಿದೆಯಲ್ಲಿ ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಜೊತೆಗೆ ಉಪದ್ರವಿಗಳ ಪಟ್ಟಿಗೆ ಸೇರಿಸಲಾಗಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಲಾಗಿದೆ.

ಕೀಟಾಹಾರಿ ಬಾವಲಿಯ ಹಿಕ್ಕೆ ಒಳ್ಳೆಯ ಗೊಬ್ಬರ. ಮಂಗಳೂರು ವಿಶ್ವವಿದ್ಯಾನಿಲಯದವರು 2006ರಲ್ಲಿ ಎಲೆಮೂಗಿನ ಬಾವಲಿಯ ಹಿಕ್ಕೆಯ ಗೊಬ್ಬರದ ಗುಣವನ್ನು ಕುರಿತೂ, 2013ರಲ್ಲಿ ಹೆಸರು ಬೆಳೆಯ ಮೇಲೆ ಬಾವಲಿ ಹಿಕ್ಕೆಯ ಪರಿಣಾಮವನ್ನು ಕುರಿತೂ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ. ಅದನ್ನು ಹಸಿಯಾಗಿ ಬುಡಕ್ಕೆ ಸುರಿಯದೆ ಹಟ್ಟಿಗೊಬ್ಬರದೊಡನೆ ಬೆರೆಸಿ ಕಳಿಸಿ ಹಾಕುವುದು ಲೇಸು. ಒಣಗಿದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶದ ಶಿಲೀಂಧ್ರ ರೋಗ ತಗಲಬಹುದಾದ್ದರಿಂದ ಗುಡಿಸುವ ಮೊದಲು ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಬಾವಲಿಗಳು ನೆಲೆಯಲ್ಲಿರುವಾಗ ಹಿಕ್ಕೆ ತೆಗೆಯಲು ಹೋಗದೆ, ಅವು ಹೊರಟ ಬಳಿಕ ಸಂಜೆ ಹೊತ್ತು ಬೇಗ ಮುಗಿಸಬೇಕು. ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಅಕಸ್ಮಾತ್ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು.